ಅಳತಿ ಕುಬಸ

ಕಾಳವ್ವನ ಕುಬಸ ಬಗಲಲ್ಲಿ ಮತ್ತೆ ಪರ್ರಂತ ಹರಿಯಿತು. ಅದೂ ಒಲೆಯ ಮುಂದೆ, ರೊಟ್ಟಿ ಬಡಿಯುವಾಗ, ಅತ್ತೆ ಮುರಿಗೆವ್ವ ಎದುರಿಗೇ ಕೂತು ಬದನೆಕಾಯಿ ಹೆಚ್ಚುತ್ತಿದ್ದಾಗ. ಹರಿಯೋದಕ್ಕೂ ಒಂದು ಹೊತ್ತುಗೊತ್ತು ಬೇಡವೇ!

"ರೊಟ್ಟಿ ಬಡ್ಯಾಕತ್ತಿಯೋ, ಗರಡಿಮನ್ಯಾಗ ಕುಸ್ತಿ ಹಿಡ್ಯಾಕತ್ತಿಯೋ?" ಅಂದಳು ಮುರಿಗೆವ್ವ, ಈಳಿಗೆಯಿಂದ ಕಣ್ಣೆತ್ತದೆ.

"ಬಗಲಾಗ ಬಿಗಿ ಐತ್ರಿ ಅತ್ತಿ. ಕೈ ಮ್ಯಾಲ ಎತ್ತಾಕ ಬರೂದಿಲ್ಲ."

"ಹಿರೇಕಿ ಇದ ಅಳತಿ ಕುಬಸ ಹಾಕ್ಕೊಂಡು ರೊಟ್ಟಿ ಬಡದಾಳ, ನೀರು ಹೊತ್ತಾಳ, ಮಗಳನ್ನ ಎತ್ಯಾಳ. ಒಂದರೆ ಹರದಿಲ್ಲ. ನಿನಗ ಏನ ಬ್ಯಾನಿ?"

ಆ ಮನೆಯಲ್ಲಿ ಹಿರೇಕಿ ಅಂದರೆ ಸಕ್ರವ್ವ. ಅಮರಪ್ಪನ ಮೊದಲ ಹೆಂಡತಿ, ಬಬಲೇಶ್ವರದ ಹೆಣ್ಣು, ತೀರಿಕೊಂಡು ಎರಡು ವರ್ಷ. ಎಂಟು ದಿನದ ಜ್ವರದಲ್ಲಿ ಹೋದಳು ಅಂತ ಮನೆಯವರು ಹೇಳುತ್ತಿದ್ದರು. ಕೇಳಿದವರು ಲೊಚ್ ಲೊಚ್ ಅಂದು ಎದ್ದು ಹೋಗುತ್ತಿದ್ದರು. ಕಾಳವ್ವ ಕಾಖಂಡಕಿಯವಳು. ಎಪ್ಪತ್ತಾರನೇ ಇಸವಿಯ ವೈಶಾಖದಲ್ಲಿ ಎರಡನೇ ಸಂಬಂಧಕ್ಕೆ ವಿಜಾಪುರದ ಈ ಮನೆಗೆ ಬಂದಳು. ತವರಿನಲ್ಲಿ ಅವ್ವ ಇರಲಿಲ್ಲ, ಅಪ್ಪ ಇರಲಿಲ್ಲ, ಅಣ್ಣ ಶಿವಯೋಗೆಪ್ಪ ಒಬ್ಬ ಇದ್ದ. ಅವನು ತಂಗಿಯನ್ನು ಕೊಟ್ಟು ಕೈತೊಳೆದುಕೊಂಡ ಅಂತ ನಾನು ಅನ್ನೋದಿಲ್ಲ, ಆದರೆ ಆಮೇಲೆ ಈ ಕಡೆ ಬಂದದ್ದನ್ನೂ ಯಾರೂ ನೋಡಲಿಲ್ಲ. ಸತ್ತವಳ ಗಂಡ ಸಿಕ್ಕ, ಸತ್ತವಳ ಮಗಳು ಸಿಕ್ಕಳು, ಕೊರಳಲ್ಲಿ ತಾಳಿಯ ಪಕ್ಕಕ್ಕೇ ಸತ್ತವಳ ಹೆಸರಿನ ಬೆಳ್ಳಿ ಪದಕವೂ ಬಿತ್ತು. ಎರಡನೆಯವಳಾಗಿ ಬಂದಮೇಲೆ ಇದೆಲ್ಲ ಇದ್ದದ್ದೇ, ಕಾಳವ್ವ ಅದಕ್ಕೆ ತಯಾರಾಗಿಯೇ ಬಂದಿದ್ದಳು. ಆದರೆ ಸತ್ತವಳ ಅಳತೆಯ ಕುಬಸ ತೊಡಬೇಕಾದೀತು ಅಂತ ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಆಗೆಲ್ಲ ಗಂಡಸು ದರ್ಜಿ ಮನೆತನಸ್ತ ಹೆಂಗಸರ ಮೈಗೆ ಟೇಪು ಹಿಡಿಯುವ ಮಾತೇ ಇರಲಿಲ್ಲ. ಮೈಗೆ ಹದವಾಗಿ ಕೂರುವ ಹಳೆಯ ಕುಬಸ ಒಂದನ್ನು ಹೊಸ ಬಟ್ಟೆಯ ಜತೆಗೆ ಕಳಿಸಿದರೆ ದರ್ಜಿ ಅದನ್ನು ನೋಡಿ ಹೊಲಿದುಕೊಡುತ್ತಿದ್ದ. ಅದಕ್ಕೇ ಅಳತಿ ಕುಬಸ ಅನ್ನುತ್ತಿದ್ದರು. ಸ್ಟೇಷನ್ ರಸ್ತೆಯಲ್ಲಿ ಅಮರಪ್ಪನದು ಹಗ್ಗ, ಗೋಣಿಚೀಲದ ಅಂಗಡಿ. ಅದರ ಪಕ್ಕಕ್ಕೇ ಲಾಡಲೇಸಾಬನ ಹೊಲಿಗೆ ಅಂಗಡಿ. ಕಾಳವ್ವನಿಗೆ ಬಟ್ಟೆ ತಂದಾಗಲೆಲ್ಲ ಮುರಿಗೆವ್ವ ಟ್ರಂಕು ತೆಗೆದು, ಬೇವಿನೆಲೆಯ ನಡುವೆ ಮಡಿಸಿಟ್ಟಿದ್ದ ಸಕ್ರವ್ವನ ಕಡೆಯ ಕುಬಸವನ್ನು ಎರಡೂ ಕೈಯಲ್ಲಿ ಎತ್ತಿ ಮಗನಿಗೆ ಕೊಡುತ್ತಿದ್ದಳು.

"ನನ್ನ ಲಗ್ನದ ಕುಬಸ ಐತಲ್ರಿ, ಅದನ್ನ ಅಳತಿಗಿ ಕೊಡ್ರಿ," ಅಂತ ಕಾಳವ್ವ ಮೊದಲನೇ ಸಲವೇ ಕೇಳಿದ್ದಳು.

"ನಮ್ಮ ಮನ್ಯಾಗ ಹೊಸಾ ಅರಿವಿ ಮೊದಲ ಹಿರೇಕಿಗಿ. ಆಕಿ ಮುಂದ ಇಟ್ಟು, ಎಡಿ ತೋರಿಸಿ, ಆಮ್ಯಾಲ ನೀ ತೊಡಬೇಕು. ಆಕಿ ಮೈಗಿ ಆಗಲಾರದ್ದನ್ನ ಆಕಿ ಹೆಂಗ ತೊಡ್ತಾಳ? ನೀನ ಹೇಳು."

ಇದಕ್ಕೆ ಯಾರು ಏನು ಹೇಳಬೇಕು? ಸತ್ತವರ ಜತೆ ಜಗಳಕ್ಕೆ ನಿಂತು ಗೆದ್ದವರು ಯಾರಿದ್ದಾರೆ?

ಮಧ್ಯಾಹ್ನ ಅಮರಪ್ಪ ಊಟಕ್ಕೆ ಬಂದಾಗ ಕಾಳವ್ವ ಅವನ ಮುಂದೆಯೂ ಹೇಳಿ ನೋಡಿದಳು. "ಏನ್ರಿ, ಒಂದ ಒಂದು ಕುಬಸರೆ ನನ್ನ ಅಳತಿಲೆ ಹೊಲಿಸಿ ತರ್ರಿ. ನೋಡ್ರಿಲ್ಲೆ, ಮತ್ತ ಹರೀತು."

"ಅವ್ವನ್ನ ಕೇಳು."

"ಕೇಳೇನ್ರಿ. ಬ್ಯಾಡ ಅಂತಾರ."

"ಬ್ಯಾಡ ಅಂದಮ್ಯಾಲ ಮುಗೀತಲ್ಲ. ಇನ್ನೊಂದೀಟು ಪುಂಡಿಪಲ್ಯಾ ಹಾಕು."

ಕೆಟ್ಟವನೇನಲ್ಲ ಅಮರಪ್ಪ. ಕುಡಿಯುವವನಲ್ಲ, ಹೊಡೆಯುವವನಲ್ಲ. ತಾಟಿನಲ್ಲಿ ಬಿದ್ದದ್ದನ್ನು ಉಂಡು, ಅಂಗವಸ್ತ್ರದಿಂದ ಬಾಯಿ ಒರೆಸಿಕೊಂಡು, ಹೆಂಡತಿಯ ಮುಖವನ್ನು ಒಮ್ಮೆಯೂ ನೋಡದೆ ಅಂಗಡಿಗೆ ಹೋಗುವವನು. ಅವನು ಹೋದಮೇಲೆ ಮುರಿಗೆವ್ವ ಉಣ್ಣುತ್ತಿದ್ದಳು. ಆಮೇಲೆ, ಒಲೆ ಆರಿದಮೇಲೆ, ಕಾಳವ್ವ. ಕಾಖಂಡಕಿಯಲ್ಲಿ ಹೊಲದ ಬದುವಿನ ಮೇಲೆ ಆಳುಕಾಳುಗಳ ಜತೆ ಕೂತು ಮಾತಾಡುತ್ತ ಮೂರು ರೊಟ್ಟಿ ತಿನ್ನುತ್ತಿದ್ದವಳಿಗೆ ಇಲ್ಲಿ ಗೋಡೆ ನೋಡುತ್ತ ಒಂದು ರೊಟ್ಟಿ ಇಳಿಯುವುದು ಕಷ್ಟವಾಗಿತ್ತು. ಉಳಿದದ್ದನ್ನು ಶಾಲೆಯಿಂದ ಹಸಿದು ಬರುವ ಪರಸವ್ವನಿಗೆ ಬೆಣ್ಣೆ ಸವರಿ ಇಡುತ್ತಿದ್ದಳು. ಪರಸವ್ವ ಸಕ್ರವ್ವನ ಮಗಳು, ಹತ್ತು ವರ್ಷದ ಹುಡುಗಿ. ಕೊಟ್ಟದ್ದನ್ನು ತಿನ್ನುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ.

ದರ್ಜಿ ಹೊಲಿಯದಿದ್ದರೆ ತಾನೇ ಹೊಲಿದುಕೊಂಡರಾಯಿತು ಎಂಬ ವಿಚಾರ ಕಾಳವ್ವನ ತಲೆಗೆ ಬಂದದ್ದು ಹರಿದ ಬಗಲಿಗೆ ತೇಪೆ ಹಾಕುತ್ತ ಕೂತಾಗ. ಪಡಸಾಲೆಯ ಮೂಲೆಯಲ್ಲಿ ಕೈಯಿಂದ ತಿರುವುವ ಹೊಲಿಗೆ ಮಶೀನು ಇತ್ತು. ಸಕ್ರವ್ವ ತವರಿನಿಂದ ತಂದದ್ದು. ಕಟ್ಟಿಗೆಯ ಮುಚ್ಚಳ, ಅದರ ಮೇಲೆ ಕಸೂತಿಯ ಅರಿವೆ, ಅರಿವೆಯ ಮೇಲೆ ದಿನಾ ಒಂದು ಹೂವು. ಕಾಳವ್ವ ಅದರ ಸುತ್ತ ಕಸ ಹೊಡೆಯಬೇಕಿತ್ತು, ಅದನ್ನು ಮುಟ್ಟುವ ಹಾಗಿರಲಿಲ್ಲ.

"ಅತ್ತಿ, ನಾ ಮಶೀನ್ ಕಲೀತೇನ್ರಿ."

"ಅದಕ್ಕ ಕೈ ಹಚ್ಚಿದರ ನಿನ್ನ ಕೈ ಮುರೀತೇನಿ."

ಕಡೆಗೆ ಆ ಮಶೀನಿನ ಮುಚ್ಚಳ ತೆಗೆಸಿದವಳು ಪರಸವ್ವ. ಅವಳ ಶಾಲೆಯ ಪರಕಾರ, ಉದ್ದ ಲಂಗ, ಜಾಲಿಮುಳ್ಳಿಗೆ ಸಿಕ್ಕು ಮೊಣಕಾಲಿನವರೆಗೆ ಸೀಳಿತ್ತು. ಮುಂಜಾನೆ ಚಹಾದ ಹೊತ್ತಿಗೆ ಅದನ್ನು ಅಜ್ಜಿಯ ಮುಂದೆ ಎಸೆದು ಕೂತುಬಿಟ್ಟಳು. "ನಾ ಸಾಲಿಗಿ ಹೋಗೂದಿಲ್ಲ. ನಮ್ಮವ್ವನ ಮಶೀನ್ ಮನ್ಯಾಗ ಇದ್ರೂ ನಾ ಹರಕ ಹಾಕ್ಕೊಂಡು ಹೋಗಬೇಕೇನು? ಹುಡುಗ್ಯಾರು ನಗತಾರ."

ಮುರಿಗೆವ್ವ ಚಹಾ ಬಸಿಗೆ ಹೊಯ್ದುಕೊಂಡಳು, ಊದಿದಳು, ಕುಡಿದಳು. ಆಮೇಲೆ ಕಾಳವ್ವನ ಕಡೆ ತಿರುಗಿ, "ಮಗಳ ಸಲುವಾಗಿ ಅಂದ್ರ ಹಿರೇಕಿ ಬ್ಯಾಡ ಅನ್ನೂದಿಲ್ಲ," ಅಂದಳು. "ಕಲಿ. ಪರಸವ್ವನ ಅರಿವಿ ಅಷ್ಟ ಹೊಲೀಬೇಕು. ನಿಂದೊಂದು ಚಿಂದಿ ಆ ಸೂಜಿ ಬುಡಕ ಬಂತಂದ್ರ ನೋಡು."

ಕಲಿಸಲಿಕ್ಕೆ ಬಂದವಳು ಪಕ್ಕದ ಮನೆಯ ಮಾಬುಬಿ, ಲಾಡಲೇಸಾಬನ ಹೆಂಡತಿ. ಗಂಡ ಹೊಲಿದದ್ದಕ್ಕೆಲ್ಲ ಗುಂಡಿ ಹಚ್ಚುವವಳು, ಕಾಜ ಮಾಡುವವಳು ಅವಳೇ. ಬಾಯಲ್ಲಿ ಸದಾ ಎಲೆ ಅಡಿಕೆ, ನಾಲಿಗೆಯ ತುದಿಯಲ್ಲಿ ಸದಾ ಒಂದು ಮಾತು. ಮಶೀನಿನ ಮುಚ್ಚಳ ತೆಗೆದು ಮೂಗು ಮುರಿದಳು. "ಯವ್ವಾ, ಎಣ್ಣಿ ಇಲ್ಲದ ಒಣಗಿ ಸೌದಿ ಆಗೈತಿ. ಹೂವಾ ಏರಿಸಿದ್ರ ಮಶೀನ್ ತಿರಗತೈತೇನು ಮುರಿಗೆವ್ವಾ?"

ಒಳಗಿನ ಬಾಬಿನ್ನಿನಲ್ಲಿ ಕರೀ ದಾರ ಸುತ್ತಿದ್ದು ಹಾಗೇ ಇತ್ತು, ಸಕ್ರವ್ವ ಸುತ್ತಿಟ್ಟದ್ದು. ಮಾಬುಬಿ ಅದನ್ನು ತೆಗೆದು ಕಾಳವ್ವನ ಅಂಗೈಯಲ್ಲಿಟ್ಟಳು. ಕಾಳವ್ವ ಅದನ್ನು ಎಸೆಯಲಿಲ್ಲ, ಒಂದು ಚಿಂದಿಯಲ್ಲಿ ಸುತ್ತಿ ಮುಚ್ಚಳದೊಳಗೆ ಇಟ್ಟಳು.

ಕಲಿಯೋದು ಅಂದರೆ ಹಗುರ ಕೆಲಸ ಅಂತ ತಿಳಿಯಬೇಡಿ. ಮೊದಲು ದಾರವಿಲ್ಲದ ಸೂಜಿ, ಅರಿವೆಯ ಬದಲು ಹಳೆಯ ಪೇಪರು. ಅಕ್ಷರದ ಸಾಲಿನ ಗುಂಟ ತೂತು ಬೀಳಬೇಕು. ಬಲಗೈ ಗಾಲಿ ತಿರುವಬೇಕು, ಎಡಗೈ ಕಾಗದ ನಡೆಸಬೇಕು. ಕಾಳವ್ವನ ಬಲಗೈ ಹೊಲದಲ್ಲಿ ಕಣಕಿ ಕೊಯ್ದ ಕೈ. ಗಾಲಿ ಗರಗರ ತಿರುಗಿ ಕಾಗದ ಮೂಲೆ ಹಿಡಿದು ಓಡುತ್ತಿತ್ತು.

"ಎತ್ತು ಹೊಡ್ಯಾಕತ್ತಿಯೇನಬೇ?" ಅನ್ನುತ್ತಿದ್ದಳು ಮಾಬುಬಿ. "ಸಾವಕಾಶ! ಬಟ್ಟಿ ಎಳೀಬ್ಯಾಡ, ಅದು ತಾನ ಹೋಗತೈತಿ. ನೀ ದಾರಿ ತೋರ್ಸು ಸಾಕು."

"ಸೂಜಿ ಮುರೀತ್ರಿ ಅಕ್ಕಾರ."

"ಮತ್ತೊಂದಾ? ನಮ್ಮ ಮನ್ಯಾವ್ರು ನನ್ನ ಮನಿ ಬಿಟ್ಟು ಓಡಸ್ತಾರ ನೋಡು ಇನ್ನ."

ಆ ಮಧ್ಯಾಹ್ನಗಳು ಕಾಳವ್ವನಿಗೆ ಬಹಳ ಬೇಕಾಗಿದ್ದವು. ಹೊಲಿಗೆಗಿಂತ ಹೆಚ್ಚಾಗಿ, ಅಲ್ಲೊಬ್ಬಳು ತನ್ನ ಜತೆ ಮಾತಾಡುತ್ತಿದ್ದಳಲ್ಲ, ಬೈದಾದರೂ ಮಾತಾಡುತ್ತಿದ್ದಳಲ್ಲ, ಅದಕ್ಕೆ. ಪೇಪರು ಮುಗಿದು ಚಿಂದಿ ಬಂತು, ಚಿಂದಿ ಮುಗಿದು ದಿಂಬಿನ ಚೀಲ ಬಂತು, ಆಷಾಢ ಕಳೆಯುವುದರೊಳಗೆ ಪರಸವ್ವನಿಗೆ ಒಂದು ಪರಕಾರ ಆಯಿತು. ಒಂದು ಕಡೆ ಕೊಂಚ ಗಿಡ್ಡವಾಗಿತ್ತು. ಹುಡುಗಿ ಹಾಕಿಕೊಂಡು ಗಿರ್ರಂತ ಒಂದು ಸುತ್ತು ತಿರುಗಿ, "ಛಲೋ ಐತಿ ಚಿಗವ್ವ," ಅಂದು ಓಡಿಹೋದಳು. ಕಾಳವ್ವ ಆ ಒಂದು ಮಾತನ್ನು ಎರಡು ದಿನ ಮೆಲಕು ಹಾಕಿದಳು.

ಆ ವಾರವೇ ಇನ್ನೊಂದು ಸಂಗತಿಯೂ ಆಯಿತು. ಮುರಿಗೆವ್ವ ಕಿರಾಣಿಗೆ ಹೋಗಿದ್ದಳು, ಮಾಬುಬಿ ಇನ್ನೂ ಬಂದಿರಲಿಲ್ಲ. ಕಾಳವ್ವ ಒಬ್ಬಳೇ ಕೂತು ಮಶೀನು ತಿರುವುತ್ತಿದ್ದಳು. ಕೈ ಈಗ ಹದಕ್ಕೆ ಬಂದಿತ್ತು, ಟಕಟಕ ಟಕಟಕ ಅಂತ ಸದ್ದು ಓಣಿಯವರೆಗೂ ಹೋಗಿತ್ತು. ಊಟಕ್ಕೆ ಬಂದ ಅಮರಪ್ಪ ಚಪ್ಪಲಿ ಕೂಡ ಬಿಡದೆ ದಡದಡ ಒಳಗೆ ಬಂದ.

"ಸಕ್ರೀ!"

ಆ ಮುಖವನ್ನು ಕಾಳವ್ವ ಹಿಂದೆ ನೋಡಿರಲಿಲ್ಲ. ಗಂಡನಿಗೆ ಹೀಗೂ ಒಂದು ಮುಖ ಇದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಅವಳನ್ನು ನೋಡಿದ ಕೂಡಲೇ ಆ ಮುಖ ಆರಿಹೋಯಿತು. ಅವನು ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು, ಕಾಲು ತೊಳೆದು ಬಂದು ಕೂತ.

"ಊಟಕ್ಕ ಹಾಕು."

ಅವಳು ಹಾಕಿದಳು. ರೊಟ್ಟಿ, ಬೇಳೆ, ಶೇಂಗಾ ಹಿಂಡಿ. ಅವನು ಉಂಡ. ಅವತ್ತು ಒಲೆ ಆರಿದಮೇಲೆ ಕಾಳವ್ವ ತಾಟೇ ಹಾಕಿಕೊಳ್ಳಲಿಲ್ಲ. ಪರಸವ್ವನಿಗೆ ಎರಡು ರೊಟ್ಟಿ ಸಿಕ್ಕವು.

ಪಂಚಮಿ ಬಂತು. ಓಣಿಯ ಸೊಸೆಯರೆಲ್ಲ ಒಬ್ಬೊಬ್ಬರಾಗಿ ಅಣ್ಣತಮ್ಮಂದಿರ ಹಿಂದೆ ಟ್ರಂಕು ಹೊರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋದರು. ಕಾಳವ್ವ ದಿನಾ ಬಾಗಿಲಿಗೆ ಬಂದು ನಿಂತಳು. ಬಂದದ್ದು ಕಾಖಂಡಕಿಯ ಯಾರೋ ಒಬ್ಬರ ಕೈಯಲ್ಲಿ ಒಂದು ಗಂಟು ಉಂಡಿ, ಮತ್ತು "ಈ ಸಲ ಆಗೂದಿಲ್ಲಂತ, ಮುಂದಿನ ಸಲ ಕರೀತಾನಂತ" ಎಂಬ ಮಾತು. ಅವಳು ಉಂಡಿಯನ್ನು ಎಲ್ಲರಿಗೂ ಹಂಚಿದಳು. ಲಗ್ನದ ಕುಬಸ ತವರಿಗೆ ಹೋಗುವಾಗ ತೊಡಲಿಕ್ಕೆ ಅಂತ ಮೇಲೆ ತೆಗೆದಿಟ್ಟಿದ್ದಳು. ಅದನ್ನು ಟ್ರಂಕಿನ ತಳಕ್ಕೆ ಮತ್ತೆ ಹಾಕಿದಳು. ಹಿಂದಿನ ಖೋಲಿಯಲ್ಲಿ ಜ್ವಾಳದ ಚೀಲಕ್ಕೆ ಬೆನ್ನು ಕೊಟ್ಟು ಕೂತು ಮನಸ್ಸು ಹಗುರಾಗುವವರೆಗೆ ಅತ್ತಳು.

ಆದರೆ ಒಂದು ಒಳ್ಳೆಯದಾಗಿತ್ತು. ಶ್ರಾವಣದ ನಡುವೆ ಒಂದು ದಿನ ಮುರಿಗೆವ್ವ ಅದನ್ನು ಗುರುತು ಹಿಡಿದಳು. ಸೊಸೆ ನೆಲುವಿನ ಮೇಲಿನ ಗಡಿಗೆ ಇಳಿಸುತ್ತಿದ್ದಳು, ಎರಡೂ ಕೈ ಮೇಲಿದ್ದವು, ಕುಬಸ ಹರಿಯಲಿಲ್ಲ.

"ಈಗ ಕೂತೈತಿ ನೋಡು! ನಾ ಹೇಳಲಿಲ್ಲೇನು? ಮೈಗಿ ರೂಢಿ ಆಗಬೇಕು ಅಷ್ಟ. ಸುಮ್ಮ ಅಳತಿ ಅಳತಿ ಅಂತ ಬಡಕೊಂತಿದ್ದಿ."

"ಹೌದ್ರಿ ಅತ್ತಿ," ಅಂದಳು ಕಾಳವ್ವ. ಹರಿಯದೆ ಬಹಳ ದಿನ ಆಗಿತ್ತು ಅಂತ ಅವಳಿಗೂ ಆಗಲೇ ಹೊಳೆದದ್ದು. ಹಾಗಿದ್ದರೂ ತನ್ನದೇ ಅಳತೆಯ ಕುಬಸದ ಆಸೆ ಮಾತ್ರ ಹೋಗಲಿಲ್ಲ. ಈ ಮನೆಯಲ್ಲಿ ತನ್ನದು ಅಂತ ಒಂದಿರಲಿ, ಬೇರೆ ಏನೂ ಬೇಡ ಅನ್ನಿಸುತ್ತಿತ್ತು ಅವಳಿಗೆ.

ಭಾದ್ರಪದದಲ್ಲಿ ಮಾಬುಬಿಯ ಮಗಳು ತಿಕೋಟಾದಲ್ಲಿ ಹಡೆದಳು. ಬಾಣಂತನಕ್ಕೆ ಮಾಬುಬಿ ಹೊರಟು ನಿಂತಳು. "ಇನ್ನ ಕುಬಸ ಒಂದು ಉಳೀತು ನೋಡು ನೀ ಕಲಿಯೂದು. ನಾ ಬರೂದು ತಡಾ ಆಗತೈತಿ. ಒಂದು ಹಳೇ ಕುಬಸ ತಗೊಂಡು ಹೊಲಿಗಿ ಬಿಚ್ಚು. ಬಿಚ್ಚಿ ನೆಲಕ್ಕ ಹಾಸು. ಹೆಂಗ ಕತ್ತರಿಸ್ಯಾರ, ಎಲ್ಲಿ ಮಡಚ್ಯಾರ, ಎಲ್ಲಾ ಕಾಣತೈತಿ. ತಿಳೀತಾ? ಅಳಬ್ಯಾಡಬೇ, ತಿಕೋಟಾ ಏನ ಪರದೇಶ ಅಲ್ಲ."

ಅವಳು ಹೋದಮೇಲೆ ಮಧ್ಯಾಹ್ನಗಳು ಮತ್ತೆ ಹಿಂದಿನ ಹಾಗೇ ಆದವು. ಬಿಸಿಲು ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹೋಗೋದನ್ನು ನೋಡುತ್ತ ಕೂರುವುದು.

ಮಾನಮಿ ಅಮಾಸೆ ಹತ್ತಿರ ಬಂತು. ಅದು ಹಿರಿಯರ ಅಮಾಸೆ; ಸತ್ತವರಿಗೆ ಹೊಸ ಅರಿವೆ ಇಟ್ಟು, ಹೋಳಿಗೆಯ ಎಡೆ ಮಾಡಬೇಕು. ಮುರಿಗೆವ್ವ ಹಿರೇಕಿಗೆ ಅಂತ ಮಾವಿನೆಲೆ ಬಣ್ಣದ ಒಂದು ಖಣ ತರಿಸಿದಳು. ಲಾಡಲೇಸಾಬನಿಗೆ ಹಬ್ಬದ ಹೊಲಿಗೆಯ ಗದ್ದಲ, ಮನೆಯಲ್ಲಿ ಹೆಂಡತಿ ಬೇರೆ ಇಲ್ಲ. ಅಮಾಸೆಯೊಳಗೆ ಆಗೋದಿಲ್ಲ ಅಂದುಬಿಟ್ಟ. ಬೇರೆ ದರ್ಜಿಗೆ ಹಿರೇಕಿಯ ಕುಬಸ ಕೊಡಲಿಕ್ಕೆ ಮುರಿಗೆವ್ವನಿಗೆ ಮನಸ್ಸಿಲ್ಲ. ಒಂದು ದಿನ ಪೂರ್ತಿ ಗೊಣಗಿ ಕಡೆಗೆ ಖಣವನ್ನೂ ಅಳತಿ ಕುಬಸವನ್ನೂ ತಂದು ಕಾಳವ್ವನ ಮುಂದೆ ಇಟ್ಟಳು.

"ನೀನ ಹೊಲಿ. ಹಿರೇಕಿ ಮಶೀನ್ ಮ್ಯಾಲ, ಹಿರೇಕಿ ಅಳತಿಲೆ. ಒಂದು ಎಳಿ ಹೆಚ್ಚುಕಮ್ಮಿ ಆಗಬಾರದು. ಜ್ವಾಕಿ, ಆ ಕುಬಸಕ್ಕೊಂದು ಕಲಿ ಬಿದ್ರ ನಿನ್ನ ಬಿಡೂದಿಲ್ಲ."

ಕಾಳವ್ವ ಕುಬಸವನ್ನು ಖಣದ ಮೇಲಿಟ್ಟು ನೋಡಿದಳು, ತಿರುವಿ ಹಾಕಿ ನೋಡಿದಳು. ತೋಳಿನ ಸುತ್ತು ಹೇಗೆ ಕತ್ತರಿಸೋದೋ ತಿಳಿಯಲಿಲ್ಲ. ಖಣ ಒಂದೇ ಇತ್ತು, ಕತ್ತರಿ ತಪ್ಪಿದರೆ ಮುಗಿಯಿತು. ಮಾಬುಬಿಯ ಮಾತು ನೆನಪಾಯಿತು. ಬಿಚ್ಚಿ ನೋಡಿ, ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಏಳೋದರೊಳಗೆ ಮತ್ತೆ ಹೊಲಿದಿಟ್ಟರೆ ಯಾರಿಗೆ ಗೊತ್ತಾದೀತು? ಅಳತಿ ಕುಬಸ ಬಿಚ್ಚೋದು ಅಂದರೆ ದೇವರ ಮನೆಯ ಬೀಗ ಒಡೆದ ಹಾಗೆ ಅಂತ ಗೊತ್ತಿದ್ದೂ, ಸೂಜಿಯ ಮೊನೆ ಬಗಲಿನ ಹೊಲಿಗೆಗೆ ಹಚ್ಚಿದಳು.

ಒಳಮಗ್ಗುಲಿಗೆ ಮಡಚಿದ ಅಂಚು ಬಹಳ ದಪ್ಪ ಇತ್ತು, ಅದನ್ನು ಕೈಹೊಲಿಗೆಯಿಂದ ಒತ್ತಿ ಕೂಡಿಸಿತ್ತು. ಅದನ್ನು ಬಿಚ್ಚಿದಳು. ಮಡಿಕೆ ತೆರೆಯಿತು, ಅದರೊಳಗೆ ಇನ್ನೊಂದು ಮಡಿಕೆ. ಅದನ್ನೂ ತೆರೆದಳು. ಕುಬಸ ಅವಳ ಮೊಣಕಾಲ ಮೇಲೆ ಅಗಲವಾಗುತ್ತ ಹೋಯಿತು. ಅಲ್ಲಿ ಮಶೀನಿನ ಹೊಲಿಗೆಯ ಗೆರೆಗಳು ಒಂದರ ಪಕ್ಕ ಒಂದು ಸಾಲಾಗಿ ಇದ್ದವು. ಎಲ್ಲಕ್ಕಿಂತ ಹೊರಗಿನದು ಕೆಂಪು ದಾರದ್ದು, ನೆಟ್ಟಗೆ, ಲಾಡಲೇಸಾಬನ ಕೈಯದ್ದು. ಅದರೊಳಗೆ ಬಿಳಿ ದಾರದ್ದು. ಅದರೊಳಗೆ ಹಸಿರು. ಎಲ್ಲಕ್ಕಿಂತ ಒಳಗೆ ಕರೀ ದಾರದ್ದು, ಅಲ್ಲಲ್ಲಿ ಸೊಟ್ಟಗೆ, ಗಾಲಿ ತಿರುವುವ ಕೈ ಸೋತಿದ್ದ ಹಾಗೆ. ಕಾಳವ್ವ ಮಶೀನಿನ ಮುಚ್ಚಳದಿಂದ ಆ ಚಿಂದಿ ತೆಗೆದಳು. ಬಾಬಿನ್ನಿನ ಕರೀ ದಾರ ಕುಬಸದ ಗೆರೆಯ ಪಕ್ಕ ಹಿಡಿದಳು. ಅದೇ ದಾರ.

"ಏನ ಮಾಡಿದಿ ಅದನ್ನ!"

ಮುರಿಗೆವ್ವ ಬಾಗಿಲಲ್ಲಿ ನಿಂತಿದ್ದಳು. ಬಂದವಳೇ ಕುಬಸವನ್ನು ಕಸಿದುಕೊಂಡಳು. "ಬಿಚ್ಚಿದೇನ? ಕೈಯರೆ ಹೆಂಗ ಬಂತಬೇ ನಿನಗ! ನನ್ನ ಸೊಸೀದು ಈ ಮನ್ಯಾಗ ಇದೊಂದು ಮೈ ಉಳದಿತ್ತು, ಅದನ್ನೂ ಹರದ ಹಾಕಿದಿ! ಹೊಟ್ಟಿಕಿಚ್ಚಿನಾಕಿ! ಸತ್ತಾಕಿ ಮ್ಯಾಲ ಸೇಡು ತೀರಿಸ್ಕೊಂಡಿ!"

"ಬೈರಿ ಅತ್ತಿ, ಬೇಕಾದ್ರ ಹೊಡೀರಿ. ಮೊದಲ ಇಲ್ಲಿ ನೋಡ್ರಿ."

"ಏನ ನೋಡ್ಲಿ? ಸಡಗರಾ ನೋಡ್ಲಿ?"

"ಕೈಲೆ ಮುಟ್ಟಿ ನೋಡ್ರಿ. ಇದು ಕೆಂಪ ದಾರ, ಲಾಡಲೇಸಾಬರು ಹೊಲದದ್ದು. ಹಿರೇಕಿ ಮೊದಲ ಇಷ್ಟ ಇದ್ರು. ನನ್ನಷ್ಟ ಇದ್ರು ಅತ್ತಿ. ಇದು ಬಿಳೇದು. ಆಮ್ಯಾಲ ಇಷ್ಟಾದ್ರು. ಇದು ಹಸರು. ಕಡೀಕ ಇದು, ಕರೇ ದಾರದ್ದು. ಕುಬಸ ಸಡ್ಲ ಆದಂಗೆಲ್ಲ ತಾವ ಹಿಡದು ಹೊಲಕೊಂಡಾರ. ಈ ಮಶೀನ್ ಮ್ಯಾಲ."

ಮುರಿಗೆವ್ವನಿಗೆ ಕಣ್ಣು ಮಂಜು. ಹೆಬ್ಬೆರಳನ್ನು ಗೆರೆಯ ಮೇಲೆ ಆಡಿಸಿದಳು. ಒಂದು ಗೆರೆ ದಾಟಿ ಇನ್ನೊಂದು, ಅದನ್ನು ದಾಟಿ ಇನ್ನೊಂದು. ಕರೀ ಗೆರೆಗೆ ಬಂದು ಬೆರಳು ನಿಂತಿತು. ಆಮೇಲೆ ಅವಳು ಗೋಡೆ ಹಿಡಿದು ನೆಲಕ್ಕೆ ಕೂತಳು.

"ಆ ವರ್ಷ ಯಾವಾಗ ನೋಡಿದ್ರ ಮಶೀನ್ ಮುಂದ ಕುಂದರ್ತಿದ್ಲು," ಅಂದಳು. "ನಾ ಬೈದಿದ್ದೆ. ಯಾರಿಗಿ ತೋರಸ್ಲಿಕ್ಕೆ ಇಷ್ಟು ಮೈಗೊಪ್ಪ ಅರಿವಿ ಬೇಕು ನಿನಗ ಅಂತ ಬೈದಿದ್ದೆ. ನಕ್ಕಳು. ಏನೂ ಅನ್ನಲಿಲ್ಲ." ಕುಬಸವನ್ನು ಮೊಣಕಾಲ ಮೇಲೆ ಹಾಸಿಕೊಂಡಳು. "ಎಂಟು ದಿನದ ಜ್ವರದಾಗ ಹೋದ್ಲು ಅಂತ ಊರಿಗೆಲ್ಲಾ ಹೇಳಕೋಂತ ಬಂದೇನಿ ನಾ. ಸಡ್ಲ ಕುಬಸ ನೋಡಿದ್ರರೆ ಕೇಳತಿದ್ದೆನೋ ಏನೋ. ಕಣ್ಣಿಗಿ ಕಾಣಲಿಲ್ಲ ನನಗ. ಕಾಣಗೊಡಲಿಲ್ಲ ಆಕಿ."

ಅಷ್ಟೊತ್ತಿಗೆ ಶಾಲೆ ಬಿಟ್ಟು ಬಂದ ಪರಸವ್ವ ಪಾಟಿಚೀಲ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಅಜ್ಜಿ ಹಾಗೆ ನೆಲಕ್ಕೆ ಕೂತದ್ದನ್ನು ನೋಡಿ ಅವಳಿಗೆ ಹೆದರಿಕೆಯಾಗಿತ್ತು.

"ಅವ್ವಗ ರೊಟ್ಟಿ ಹೋಗತಿದ್ದಿಲ್ಲ ಆಯಿ," ಅಂದಳು ಅಜ್ಜಿಗೆ. "ತನ್ನ ಪಾಲಿಂದೂ ನನಗ ಕೊಡತಿದ್ಲು. ಆಯಿ ಮುಂದ ಹೇಳಬ್ಯಾಡ ಅಂತಿದ್ಲು."

ಮುರಿಗೆವ್ವನ ಬೆರಳು ಮತ್ತೆ ಕರೀ ಗೆರೆ ಹುಡುಕಿತು.

"ಚಿಗವ್ವನೂ ಹಂಗ ಕೊಡ್ತಾಳ," ಅಂದಳು ಹುಡುಗಿ.

ಮುರಿಗೆವ್ವ ತಲೆ ಎತ್ತಿ ಕಾಳವ್ವನನ್ನು ನೋಡಿದಳು. ಬಂದು ನಾಲ್ಕು ತಿಂಗಳ ಮೇಲಾಗಿತ್ತು. ಆ ಮುದುಕಿ ಸೊಸೆಯನ್ನು ಹಾಗೆ ನೋಡಿದ್ದು ಅದೇ ಮೊದಲು. ನೋಡಿದಳು, ಎದ್ದು ಒಳಗೆ ಹೋದಳು.

ಮರುದಿನ ಅಮರಪ್ಪ ಊಟಕ್ಕೆ ಕೂತಾಗ ಮುರಿಗೆವ್ವ ಬಿಚ್ಚಿದ ಕುಬಸವನ್ನು ಅವನ ಮುಂದೆ ಹಿಡಿದು ಎಲ್ಲ ಹೇಳಿದಳು. ಅವನು ರೊಟ್ಟಿ ಮುರಿದ ಕೈ ಹಾಗೇ ಬಿಟ್ಟ. "ನನಗೂ ಗೊತ್ತಾಗಲಿಲ್ಲ ಯವ್ವಾ," ಅಂದ. ತಾಟು ಬಿಟ್ಟು ಎದ್ದುಹೋದ. ಎರಡು ದಿನ ಆ ಮನೆಯಲ್ಲಿ ಪಾತ್ರೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕಾಳವ್ವನಿಗೆ ತಾನೇ ತಪ್ಪು ಮಾಡಿದೆ ಅನ್ನಿಸಿತು. ಮಡಿಕೆಯೊಳಗಿದ್ದದ್ದನ್ನು ಮಡಿಕೆಯೊಳಗೇ ಬಿಡಬೇಕಿತ್ತು. ಸಕ್ರವ್ವ ಅಷ್ಟು ಜತನದಿಂದ ಮುಚ್ಚಿಟ್ಟದ್ದನ್ನು ತಾನು ಬಿಚ್ಚಿ ಹರವಿದೆ. ಆದರೂ ಈ ಮನೆಗೆ ಬಂದಮೇಲೆ ತನ್ನಂಥವಳು ಇನ್ನೊಬ್ಬಳು ಇದ್ದಾಳೆ ಅಂತ ಅವಳಿಗೆ ಅನ್ನಿಸಿದ್ದೂ ಆ ಎರಡು ದಿನದಲ್ಲೇ. ಅವಳು ಇರಲಿಲ್ಲ ಅನ್ನೋದೊಂದೇ ಕೊರತೆ.

ಅಮಾಸೆಗೆ ಎರಡು ದಿನ ಇರುವಾಗ ಮುರಿಗೆವ್ವ ಕರೆದಳು. ಧ್ವನಿ ಬಿರುಸಾಗಿಯೇ ಇತ್ತು. "ಏ, ಬಾ ಇಲ್ಲಿ. ನಿನ್ನ ಲಗ್ನದ ಕುಬಸ ಎಲ್ಲೈತಿ? ಹಾಕ್ಕೊಂಡು ಬಾ. ಅದರ ಅಳತಿಲೆ ಹೊಲಿ ಈ ಸಲ. ಹಿರೇಕಿನೂ ಗಟ್ಟಿ ಇದ್ದಾಗ ಅಷ್ಟ ಇದ್ಲು, ಆಕಿಗೂ ಆಗತೈತಿ."

ಇಷ್ಟು ದಿನ ಬೇಡಿದ್ದು ಹೀಗೆ ಸುಮ್ಮನೆ ಕೈಗೆ ಬಂತಲ್ಲ! ಕಾಳವ್ವ ಹಿಂದಿನ ಖೋಲಿಗೆ ಓಡಿ ಟ್ರಂಕಿನ ತಳದಿಂದ ಕುಬಸ ತೆಗೆದಳು. ಬಬಲೇಶ್ವರದ ಸಂತೆಯಲ್ಲಿ ಅಣ್ಣ ಖಣ ಕೊಂಡು ಅಲ್ಲೇ ಹೊಲಿಸಿದ್ದು, ಲಗ್ನದ ದಿನ ಎರಕ ಹೊಯ್ದ ಹಾಗೆ ಮೈಗೆ ಕೂತಿತ್ತು. ತೊಟ್ಟಳು. ಗುಂಡಿ ಹಾಕಿದಳು. ಕೆಳಗೆ ನೋಡಿಕೊಂಡಳು.

ಕುಬಸ ಜೋತಾಡುತ್ತಿತ್ತು. ಬಗಲಲ್ಲಿ ಅವಳ ಮುಷ್ಟಿಯೇ ಹೋಗುತ್ತಿತ್ತು.

ಇದು ಹೇಗೆ ಅಂತ ಅವಳಿಗೆ ಮೊದಲು ತಿಳಿಯಲೇ ಇಲ್ಲ. ಬೇರೆ ಯಾರದೋ ಕುಬಸ ಇರಬೇಕು ಅಂದುಕೊಂಡಳು. ಆಮೇಲೆ ನೆಲುವಿನ ಗಡಿಗೆ ನೆನಪಾಯಿತು. ಕೈ ಎತ್ತಿದರೂ ಹರಿಯದ ಕುಬಸ, "ಈಗ ಕೂತೈತಿ ನೋಡು" ಅಂದ ಅತ್ತೆ, ಹೌದ್ರಿ ಅಂದ ತಾನು. ಕರೀ ದಾರದ ಗೆರೆಯೊಳಗೆ ತಾನೇ ಹೋಗಿ ಕೂತಿದ್ದೆ ಅಂತ ಅವಳಿಗೆ ಆಗ ತಿಳಿಯಿತು.

"ಎಷ್ಟೊತ್ತಬೇ?" ಅನ್ನುತ್ತ ಮುರಿಗೆವ್ವ ಒಳಗೆ ಬಂದಳು. ಬಂದು ನಿಂತಳು. ಹತ್ತಿರ ಬಂದು ಸೊಸೆಯ ಬಗಲಲ್ಲಿ ಸಡಿಲಾಗಿದ್ದ ಅರಿವೆಯನ್ನು ಹಿಡಿದಳು, ಬೆರಳಿನಿಂದ ಮಡಚಿದಳು, ಬಿಟ್ಟಳು. ಕಾಳವ್ವ ಸೆರಗು ಎಳೆದುಕೊಳ್ಳಲಿಕ್ಕೆ ಹೋದಳು.

"ಮುಚ್ಚಬ್ಯಾಡ," ಅಂದಳು ಮುರಿಗೆವ್ವ.

ಅತ್ತೆ ಬೈಯುತ್ತಾಳೆ ಅಂದುಕೊಂಡಿದ್ದಳು ಕಾಳವ್ವ. ಬೈಯಲಿಲ್ಲ. ತಲೆ ಸವರಲಿಲ್ಲ, ಕಣ್ಣೀರನ್ನೂ ಹಾಕಲಿಲ್ಲ; ಆ ಮುದುಕಿಯ ಜಾಯಮಾನ ಅದಲ್ಲ. ಅಡುಗೆಮನೆಗೆ ಹೋಗಿ ಎರಡು ತಾಟು ದಪ್ಪಂತ ನೆಲಕ್ಕಿಟ್ಟಳು. "ಬಾ, ಉಣ್ಣು. ನನ್ನ ಎದುರಿಗೆ ಕುಂತು ಉಣ್ಣು." ಕಾಳವ್ವ ಕೂತಳು. ಒಂದು ರೊಟ್ಟಿ ಮುಗಿಸಲಿಕ್ಕೆ ಬಹಳ ಹೊತ್ತು ಹಿಡಿಯಿತು. ಮುರಿಗೆವ್ವ ಮಜ್ಜಿಗೆ ಹೊಯ್ಯುತ್ತ, ಗೊಣಗುತ್ತ, ಅದು ಮುಗಿಯುವವರೆಗೂ ಏಳಲಿಲ್ಲ.

ಆ ಮಧ್ಯಾಹ್ನ ಕಾಳವ್ವ ಖಣಕ್ಕೆ ಕತ್ತರಿ ಹಚ್ಚುವಾಗ ಮುರಿಗೆವ್ವ ಪಕ್ಕದಲ್ಲೇ ಕೂತಿದ್ದಳು.

"ಅತ್ತಿ, ಯಾವ ಅಳತಿ ಹಿಡೀಲ್ರಿ? ಲಗ್ನದ್ದೋ, ಈಗಿಂದೋ?"

"ಲಗ್ನದ್ದ ಹಿಡಿ. ಈಗಿಂದು ಅಳತಿ ಅಲ್ಲ."

ಒಂದು ತೋಳು ಕೊಂಚ ತಿರುಗಿ ಕೂತಿತು, ಬಿಚ್ಚಿ ಮತ್ತೆ ಹಚ್ಚಬೇಕಾಯಿತು. ಅಮಾಸೆಯ ಮುಂಜಾನೆ ಕುಬಸ ತಯಾರಾಯಿತು. ಪಡಸಾಲೆಯಲ್ಲಿ ಸಕ್ರವ್ವನ ಹೆಸರಿನಲ್ಲಿ ತಾಮ್ರದ ತಂಬಿಗೆ ಇಟ್ಟು, ಅದಕ್ಕೆ ಸೀರೆ ಉಡಿಸಿ, ಕುಬಸ ಮುಂದಿಟ್ಟರು. ಹೋಳಿಗೆ, ಅನ್ನ, ಕಟ್ಟಿನ ಸಾರು, ಬದನೆಕಾಯಿ ಪಲ್ಯ ಎಲ್ಲ ಎಡೆಗೆ ಬಂದವು. ಅಮರಪ್ಪ ಕೈಮುಗಿದ, ಪರಸವ್ವ ಕೈಮುಗಿದಳು. ಕಾಳವ್ವ ಎಲ್ಲರ ಹಿಂದೆ, ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು.

ಮುರಿಗೆವ್ವ ಹೊಸ ಕುಬಸವನ್ನು ತಂಬಿಗೆಯ ಹತ್ತಿರಕ್ಕೆ ಸರಿಸಿದಳು. ಎದುರಿಗೆ ಮನುಷ್ಯರು ಕೂತಿದ್ದರೆ ಹೇಗೋ ಹಾಗೆ ಮಾತಾಡಿದಳು.

"ಸಕ್ರವ್ವಾ, ತೊಟ್ಕೋ. ಈ ಸಲ ಸಡ್ಲ ಹೊಲಿಸೀನಿ." ಕುಬಸದ ಬಗಲನ್ನು ಬೆರಳಿನಿಂದ ಸವರಿದಳು. "ಸಡ್ಲ ಆತಂತ ಹಿಡದು ಹೊಲಕೋಬ್ಯಾಡ ಯವ್ವಾ. ಬಂದು ನನಗ ಹೇಳು."

ಎಡೆ ಇಳಿಸಿದಮೇಲೆ ಕುಬಸವನ್ನು ಎತ್ತಿ, ಹಿಂದೆ ತಿರುಗಿ ನೋಡದೆ, ಬಾಗಿಲ ಕಡೆಗೆ ಕೈ ಚಾಚಿದಳು.

"ತಗೋ. ನಿನಗೂ ಅದ ಮಾತು."

ಕಾಳವ್ವ ಮುಂದೆ ಬಂದು ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು.